ಮಣಿಕಟ್ಟಿನ ಮೇಲಿನ ಹಿಡಿತ

ಮೈಯೊಳಗೆ ಆಗುವ ಪ್ರತಿಯೊಂದಕ್ಕೂ ಕಾರಣ ಇದ್ದೇ ಇರುತ್ತದೆ ಎಂದು ನಂಬಿ ಬದುಕಿದವನು ನಾನು. ಕೈಗಳ ಶಸ್ತ್ರಚಿಕಿತ್ಸೆ ಮಾಡುವವನು ಬೇರೆ ಹೇಗೆ ನಂಬಿಯಾನು? ಸೂಚನೆ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದೆ. ಆದ್ದರಿಂದ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ವಾರಕ್ಕೊಮ್ಮೆ ಸಿಂದಗಿಯಿಂದ ಇಂಡಿ ಪಟ್ಟಣದ ಒಂದು ಸಣ್ಣ ಆಸ್ಪತ್ರೆಗೆ ಹೋಗಿಬರುತ್ತಿದ್ದೆ. ಅಲ್ಲಿಗೆ ಹತ್ತಿರದ ಹೊರ್ತಿ ಊರಿನ ಕಲ್ಲವ್ವ ಬಂದಳು. ಖಡಕ್ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುವಾಕೆ. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜೋಮು ಹಿಡಿದಿದ್ದವು.

“ಹಂಚಿಗೆ ಹತ್ತಿ ಬೆರಳ ಸುಟ್ಟರೂ ತಿಳಿಯಂಗಿಲ್ರಿ. ವಾಸನಿ ಬಂದಮ್ಯಾಲೆ ನೋಡ್ಕೋತೇನಿ,” ಎಂದಳು.

ಮಣಿಕಟ್ಟಿನಲ್ಲಿ ನರಕ್ಕೆ ಒತ್ತಡ ಬಿದ್ದಿದೆ ಎಂದು ಪರೀಕ್ಷೆ ಹೇಳಿತು. ನಾನು ದಿನವೂ ನೋಡುವ ಕಾಯಿಲೆ. ಅಂಗೈಯ ಬುಡದಲ್ಲಿ ನರದ ಮೇಲೆ ಬಿಗಿದಿರುವ ಪಟ್ಟಿಯನ್ನು ಕತ್ತರಿಸಿದರೆ ಮುಗಿಯಿತು.

ಕೈಯನ್ನಷ್ಟೇ ಮರಗಟ್ಟಿಸಿದ್ದೆ. ಆಕೆಗೆ ಎಚ್ಚರವಿತ್ತು, ಮಧ್ಯೆ ಹಸಿರು ಬಟ್ಟೆಯ ಪರದೆ. ಪಟ್ಟಿ ಕತ್ತರಿಸಿ ಹೊಲಿಗೆಗೆಂದು ಸೂಜಿ ಹಿಡಿದೆ. ಆಗ ನನ್ನ ಬಲಗೈಯನ್ನು, ಮಣಿಕಟ್ಟಿಗಿಂತ ತುಸು ಮೇಲೆ, ಯಾರೋ ಗಪ್ಪನೆ ಹಿಡಿದರು. ಹಿಡಿದಂತಾಯಿತು ಎಂದು ಬರೆಯಬೇಕೇನೋ. ಆದರೆ ಒಂದೊಂದು ಬೆರಳಿನ ಒತ್ತೂ ಬೇರೆಬೇರೆಯಾಗಿ ತಿಳಿಯುತ್ತಿತ್ತು. ನನ್ನ ಹೆಬ್ಬೆರಳಿಗೆ ಜೋಮು ಹತ್ತಿತು.

“ಯಾಕ್ರಿ ಸರ?” ಎಂದರು ಎದುರಿಗಿದ್ದ ನರ್ಸ್.

“ಏನಿಲ್ಲ,” ಎಂದೆ. ಹಿಡಿತ ಸಡಿಲಾಯಿತು. ಮತ್ತೆ ಸೂಜಿ ಎತ್ತಿದೆ. ಮತ್ತೆ ಅದೇ ಜಾಗ, ಅದೇ ಹಿಡಿತ. ಯಾಕೆಂದು ನನಗೇ ತಿಳಿಯದೆ ಸೂಜಿ ಕೆಳಗಿಟ್ಟೆ. ಇನ್ನಷ್ಟು ಮೇಲಿನವರೆಗೆ ಮರಗಟ್ಟಿಸಿ, ಆಕೆಯ ಮುಂಗೈಯನ್ನು ಅದೇ ಜಾಗದಲ್ಲಿ ಕೊಯ್ದೆ.

ಅಲ್ಲೊಂದು ಸ್ನಾಯು ತಲೆಕೆಳಗಾಗಿ ಹುಟ್ಟಿತ್ತು. ಸಾಮಾನ್ಯವಾಗಿ ಅದರ ದಪ್ಪ ಭಾಗ ಮೊಣಕೈ ಕಡೆಗಿದ್ದು, ಕೆಳಗೆ ಹುರಿಯಂತೆ ತೆಳ್ಳಗಿರುತ್ತದೆ. ಕೆಲವರಲ್ಲಿ ಆ ಸ್ನಾಯುವೇ ಇರುವುದಿಲ್ಲ. ಕಲ್ಲವ್ವನ ಕೈಯಲ್ಲಿ ದಪ್ಪ ಭಾಗ ಕೆಳಗೆ ಬಂದು ನರದ ಮೇಲೆಯೇ ಕುಳಿತಿತ್ತು. ರೊಟ್ಟಿ ಬಡಿದಂತೆಲ್ಲ ಉಬ್ಬಿ ಅಮುಕುತ್ತಿತ್ತು. ಹಾಗೇ ಹೊಲಿದಿದ್ದರೆ ಆ ಕೈ ಸುಧಾರಿಸುತ್ತಿರಲಿಲ್ಲ. ಆ ಸ್ನಾಯುವನ್ನು ತೆಗೆದೆ.

ಹೊಲಿಗೆ ಬಿಚ್ಚಿಸಲು ಬಂದಾಗ ಆಕೆ ಬೆರಳಾಡಿಸಿ ತೋರಿಸಿದಳು. “ಹಿಡ್ಕೊಂಡಿದ್ದ ಕೈ ಬಿಡ್ತ್ರಿ.”

“ಯಾರ ಕೈಯವ್ವಾ?”

“ಗೊತ್ತಿಲ್ರಿ. ರೊಟ್ಟಿ ಬಡಿಯೂಮುಂದ ಹಿಡೀತಿತ್ತು. ಹೇಳಿದ್ರ ಹುಚ್ಚಿ ಅಂತೀರಿ ಅಂತ ಸುಮ್ಕಿದ್ದೆ.” ಆಮೇಲೆ ದನಿ ತಗ್ಗಿಸಿದಳು. “ನಿಮಗೂ ಹಿಡದಿತ್ತಲ್ರಿ, ಸರ?”

ನಾನು ಯಾರಿಗೂ ಹೇಳಿರಲಿಲ್ಲ, ನರ್ಸ್‌ಗೂ.

ನನ್ನ ಕೈಯನ್ನೂ ಪರೀಕ್ಷೆ ಮಾಡಿಸಿದೆ. ಯಾವ ದೋಷವೂ ಇಲ್ಲ. ಆ ಹಿಡಿತ ಮತ್ತೆಂದೂ ಬಂದಿಲ್ಲ. ಆದರೂ ಪ್ರತಿ ಸಲ ಹೊಲಿಗೆಗೆ ಮುಂಚೆ ಸೂಜಿ ಹಿಡಿದು ಅರೆಗಳಿಗೆ ಕಾಯುತ್ತೇನೆ. ಯಾರೂ ಹಿಡಿಯುವುದಿಲ್ಲ. ಒಳಗೆ ಏನೂ ಉಳಿದಿಲ್ಲವೆಂದೋ, ಉಳಿದಿದ್ದರೂ ಹೇಳುವವರಿಲ್ಲವೆಂದೋ ತಿಳಿಯದೆ, ಹೊಲಿಯುತ್ತೇನೆ.