ಹಿಲ್ಮಾಗೆ ಅಂಟಿದ ಮಾತು, ರಾರ್

ಯುದ್ಧ ಮುಗಿದ ವರ್ಷ ಹಿಲ್ಮಾ ಗಂಡ ಆರ್ನ್‌ಫಿನ್ನನ ಜೊತೆ ಅವನ ಊರಾದ ನಾರ್ವೆಯ ಬಡಗಣ ದ್ವೀಪವೊಂದಕ್ಕೆ ಬಂದಿಳಿದಳು. ಅವಳು ಸ್ವೀಡನ್ನಿನ ಕಾಡುಸೀಮೆಯವಳು. ಜರ್ಮನ್ನರು ನಾರ್ವೆಯನ್ನು ಹಿಡಿದಿದ್ದ ಕಾಲದಲ್ಲಿ ಗಡಿ ದಾಟಿ ಓಡಿಹೋಗಿದ್ದ ಆರ್ನ್‌ಫಿನ್ ಅವಳ ಊರಿನಲ್ಲಿ ಮರ ಕಡಿಯುತ್ತಿದ್ದ. ಎರಡು ದೇಶದ ಮಾತೂ ಒಂದೇ ಬಳ್ಳಿಯವು. ದ್ವೀಪದವರು ಆಡಿದ್ದು ಅವಳಿಗೆ ಮುಕ್ಕಾಲುಪಾಲು ತಿಳಿಯುತ್ತಿತ್ತು.

ಬಂದ ಕೆಲವೇ ದಿನಗಳಲ್ಲಿ ಊರು ಅವಳನ್ನು ಅಳೆದು ಮುಗಿಸಿತು. ದನ ಮೇಯುವ ಅಣಬೆಯನ್ನು ಬುಟ್ಟಿ ತುಂಬ ಕಿತ್ತು ತಂದು ಬೆಣ್ಣೆಯಲ್ಲಿ ಹುರಿದು ತಿನ್ನುತ್ತಾಳೆ. ಕೆಲಸ ಮಾಡಬಾರದ ಭಾನುವಾರವೂ ಸೌದೆ ಒಡೆಯುತ್ತಾಳೆ. ಒಡೆಯುತ್ತಾ ಗಂಟಲು ಬಿಟ್ಟು ಹಾಡುತ್ತಾಳೆ.

“ನೀನು ರಾರ್ ಕಣೇ,” ಎಂದಳು ಪಕ್ಕದ ಮನೆಯ ಓಡ್ನಿ, ಬೇಲಿಯಾಚೆಯಿಂದ.

ಹಿಲ್ಮಾಳ ಕೆನ್ನೆ ಕೆಂಪಾಯಿತು. ಅವಳ ಭಾಷೆಯಲ್ಲಿ ರಾರ್ ಅಂದರೆ ಮೃದು ಮನಸ್ಸಿನವಳು, ಮುದ್ದಾದವಳು. ಓಡ್ನಿಯನ್ನು ಒಳಗೆ ಕರೆದು ಕಾಫಿ ಕೊಟ್ಟಳು. ಆಮೇಲೆ ಆ ಮಾತನ್ನು ಅಂಗಡಿಯವನು ಅಂದ, ಪಾದ್ರಿಯ ಹೆಂಡತಿಯೂ ಅಂದಳು. ಎಲ್ಲರಿಗೂ ಹಿಲ್ಮಾ ಮನಸಾರೆ ನಕ್ಕಳು.

ಮರುವರ್ಷ ಚಳಿಗಾಲದಲ್ಲಿ ಅವಳು ಮೀನು ಸೀಳುವ ಕೆಲಸಕ್ಕೆ ಹೋದಳು. ಒಂದು ದಿನ ರಾಶಿಯಲ್ಲಿ ಬೆನ್ನು ಡೊಂಕಾದ, ಒಂದೇ ಕಣ್ಣಿನ ಮೀನು ಬಂತು. ಓಡ್ನಿ ಬಾಲ ಹಿಡಿದು ಎತ್ತಿ ಮುಖ ಸಿಂಡರಿಸಿದಳು. “ಥೂ, ಎಂಥ ರಾರ್ ಪ್ರಾಣಿ ಇದು.” ಹೆಂಗಸರೆಲ್ಲ ಹೌದೆಂದರು. ಯಾರೋ ಹಿಲ್ಮಾಳ ಕಡೆ ನೋಡಿ ತುಟಿ ಕಚ್ಚಿಕೊಂಡರು. ಹಿಲ್ಮಾಳ ಚಾಕು ನಿಂತಿತು.

ಮನೆಗೆ ಬಂದು ಗಂಡನನ್ನು ಕೇಳಿದಳು. “ನಿಮ್ಮಲ್ಲಿ ರಾರ್ ಅಂದ್ರೇನು?”

ಆರ್ನ್‌ಫಿನ್ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. “ವಿಚಿತ್ರ ಅಂತ. ಎಲ್ಲರ ಹಾಗೆ ಇಲ್ಲದ್ದು.”

“ನಿಂಗೆ ಎರಡು ಅರ್ಥಾನೂ ಗೊತ್ತಿತ್ತು.”

“ಗೊತ್ತಿತ್ತು. ನೀನು ಅಷ್ಟು ಖುಷಿಯಾಗಿದ್ದೆ, ಹೇಳೋಕೆ ಬಾಯಿ ಬರ್ಲಿಲ್ಲ.”

“ಊರೆಲ್ಲ ಆಡ್ಕೊಂಡಿದೆ. ನಾನು ಕೂರಿಸಿ ಕಾಫಿ ಕೊಟ್ಟಿದ್ದೀನಿ.”

ಒಲೆಯ ಬಳಿ ಕೂತಿದ್ದ ಅತ್ತೆ ಹಾನ್ಸಿನೆ ಹೆಣಿಗೆ ಬಿಡದೆ ಹೇಳಿದಳು, “ಅಣಬೆ ಬಿಡು. ಹಾಡೋದು ನಿಲ್ಸು. ಜನ ತಾನಾಗೇ ಮರೀತಾರೆ.”

“ಅವರು ಮರೀಲಿ ಅಂತ ನಾನು ಸತ್ತ ಹಾಗೆ ಬದುಕಲಾ ಅತ್ತೆ?”

ಆ ಭಾನುವಾರ ಹಿಲ್ಮಾ ಕೊಡಲಿಯನ್ನು ಹಿತ್ತಿಲಿನಿಂದ ಮುಂದಿನ ಅಂಗಳಕ್ಕೆ ತಂದಳು, ಚರ್ಚಿಗೆ ಹೋಗುವವರೆಲ್ಲ ನೋಡುವ ಹಾಗೆ. ಓಡ್ನಿ ನಿಂತು ಏನೋ ಹೇಳಲು ಬಾಯಿ ತೆರೆದಳು. “ರಾರ್ ತಾನೇ? ಹೌದು,” ಎಂದಳು ಹಿಲ್ಮಾ. “ನಮ್ಮ ಅರ್ಥದಲ್ಲೂ ಹೌದು, ನಿಮ್ಮ ಅರ್ಥದಲ್ಲೂ ಹೌದು. ಚರ್ಚಿಗೆ ಹೊತ್ತಾಯ್ತು, ನಡಿ.”

ವರ್ಷಗಳು ಹೀಗೇ ಸಾಗಿದವು. ಒಂದು ಜನವರಿಯಲ್ಲಿ, ಮೀನಿನ ಕಾಲ ಇನ್ನೇನು ಶುರುವಾಗಬೇಕು, ಆರ್ನ್‌ಫಿನ್ನನ ಬಲಗೈ ಹಗ್ಗ ಎಳೆಯುವ ರಾಟೆಗೆ ಸಿಕ್ಕಿ ನಜ್ಜುಗುಜ್ಜಾಯಿತು. ಅವನ ದೋಣಿ ದಕ್ಕೆಯಲ್ಲಿ ಕಟ್ಟಿದಲ್ಲೇ ಉಳಿಯಿತು. ಹಿಲ್ಮಾ ಗಂಡನ ನೀರಿಳಿಯದ ಎಣ್ಣೆಬಟ್ಟೆಯ ಅಂಗಿ ತೊಟ್ಟು ಬೆಳಿಗ್ಗೆ ದಕ್ಕೆಗೆ ಹೋದಳು.

ದೊಡ್ಡ ದೋಣಿಯ ಯಜಮಾನ ಇಂಗೊಲ್ಫ್ ಅಡ್ಡ ನಿಂತ. “ಹೆಂಗಸು ಹತ್ತಿದ ದೋಣಿಗೆ ಮೀನು ಬೀಳಲ್ಲ ಕಣಮ್ಮ. ಅಕ್ಕಪಕ್ಕದ ದೋಣಿಗೂ ಬೀಳಲ್ಲ. ರಾರ್ ಆಟ ಎಲ್ಲ ಮನೇಲಿಟ್ಕೋ.”

“ಹಾಗಾದ್ರೆ ನಿನ್ನ ದೋಣೀನ ದೂರ ತಗೊಂಡು ಹೋಗು,” ಎಂದು ಹಿಲ್ಮಾ ಹಗ್ಗ ಬಿಚ್ಚಿದಳು. ಗಾಳ ಎಲ್ಲಿ ಬಿಡಬೇಕೆಂದು ಅವಳಿಗೆ ಸರಿಯಾಗಿ ತಿಳಿಯದು.

ಅಷ್ಟರಲ್ಲಿ ದೋಣಿ ಒಂದು ಕಡೆ ವಾಲಿತು. ಅತ್ತೆ ಹಾನ್ಸಿನೆ, ಸತ್ತ ಗಂಡನ ಟೋಪಿ ಹಾಕಿಕೊಂಡು, ಲಂಗ ಎತ್ತಿ ಕಟ್ಟಿ ದೋಣಿ ಹತ್ತಿದ್ದಳು.

“ಮದುವೆಗೆ ಮುಂಚೆ ಅಪ್ಪನ ಜೊತೆ ಹೋಗ್ತಿದ್ದೆ,” ಎಂದಳು ಚುಕ್ಕಾಣಿಗೆ ಕೈ ಹಾಕಿ. “ನನ್ನನ್ನೂ ರಾರ್ ಅಂತಿದ್ರು. ಹೆದರಿ ಬಿಟ್ಟುಬಿಟ್ಟೆ. ಇಂಗೊಲ್ಫ್, ಕಾಲು ತೆಗಿ, ಹಗ್ಗ ತುಳೀತಿದ್ದೀಯ.”

ಇಂಗೊಲ್ಫ್ ಕಾಲು ತೆಗೆದ.

ಅತ್ತೆ ದಾರಿಯುದ್ದಕ್ಕೂ ಸೊಸೆಯನ್ನು ಬೈದಳು: ಗಂಟು ಸರಿಯಿಲ್ಲ, ನಿಲ್ಲೋಕೆ ಬರಲ್ಲ, ವಾಂತಿ ಮಾಡೋದಾದ್ರೆ ಗಾಳಿ ನೋಡಿ ಮಾಡು. ಮೊದಲ ದಿನ ಸಿಕ್ಕಿದ್ದು ಸ್ವಲ್ಪವೇ. ಮುಂದೆ ಕೆಲವು ದಿನ ಬಿತ್ತು, ಕೆಲವು ದಿನ ಇಲ್ಲ, ಎಲ್ಲರ ದೋಣಿಯ ಹಾಗೆಯೇ. ಓಡ್ನಿ ಹಿಲ್ಮಾಳ ಜೊತೆ ಮಾತು ಬಿಟ್ಟಳು. ಇಂಗೊಲ್ಫ್ ವರ್ಷವಿಡೀ ತನ್ನ ದೋಣಿಯನ್ನು ದಕ್ಕೆಯ ಆ ತುದಿಗೆ ಕಟ್ಟಿದ, ಆಮೇಲೆ ಬೇಸರವಾಗಿ ಹಳೆಯ ಜಾಗಕ್ಕೇ ಬಂದ.

ಆರ್ನ್‌ಫಿನ್ನನ ಬೆರಳು ನೆಟ್ಟಗಾಗಲಿಲ್ಲ. ಅವನು ದಕ್ಕೆಯ ಬಳಿಯ ಕೊಠಡಿಯಲ್ಲಿ ಹೆಂಗಸರ ಸಾಲಿನಲ್ಲಿ ಕೂತು, ಸರಿಯಿದ್ದ ಒಂದು ಕೈಯಲ್ಲೇ ಗಾಳಕ್ಕೆ ಎರೆ ಚುಚ್ಚುತ್ತಿದ್ದ. ಗಂಡಸರು ಬಾಗಿಲಲ್ಲಿ ನಿಂತು ಗೇಲಿ ಮಾಡಿದರೆ ಇನ್ನೊಂದು ಬುಟ್ಟಿ ಹತ್ತಿರ ಎಳೆದುಕೊಳ್ಳುತ್ತಿದ್ದ.