ಮೈಕು ಹಿಡಿದ ಬಸಂತರಾಯರು
ಬಾಗೇವಾಡಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಬಸಂತರಾಯರು ದಿನಾ ಮುಂಜಾನೆ ಮೈಕು ಒರೆಸುತ್ತಲೇ ನೌಕರಿ ಬಿಡುತ್ತಾರೆ. “ಸಾಕಾಗೈತ್ರಿ ಈ ನೌಕರಿ, ಮುಂದಿನ ತಿಂಗಳ ವಿಆರ್‌ಎಸ್ ತಗೋತೇನಿ” ಅನ್ನದೆ ಅವರ ಚಹಾ ಗಂಟಲಿಗಿಳಿಯುವುದಿಲ್ಲ. ಆ ತಿಂಗಳು ಮಾತ್ರ ಇನ್ನೂ ಬಂದಿಲ್ಲ. ಬಸ್ ತಡವಾದರೆ ಬೈಗುಳ ಇವರಿಗೆ, ಸೀಟು ಸಿಗದಿದ್ದರೂ ಇವರಿಗೇ. ಆದರೂ ಕೊಲ್ಹಾರದ ಬಸ್ ಬಂದರೆ ಮಸೂತಿ ಎಂಬ ಹಳ್ಳಿಯಿಂದ ಹಿಡಿದು ದಾರಿಯ ಊರುಗಳನ್ನೆಲ್ಲ, ಮನೆಮಂದಿಯನ್ನು ಊಟಕ್ಕೆ ಕರೆದಂತೆ, ಒಂದೊಂದಾಗಿ ಕೂಗುತ್ತಾರೆ. ಹೋದ ವರ್ಷದವರೆಗೆ ಇದೇ ಮೈಕು ಹಿಡಿದಿದ್ದು, ಈಗ ನಿವೃತ್ತರಾಗಿರುವ ಮಾಳಿಂಗರಾಯರು ದಿನಾ ಸಂಜೆ ಬಂದು ಕಂಟ್ರೋಲರ್ ಕೋಣೆಯ ಕಿಟಕಿಯ ಹೊರಗೆ ಕೂಡುತ್ತಾರೆ. “ಮನ್ಯಾಗ ಆರಾಮ ಇರಾಕ ಏನಾಗೈತ್ರಿ ನಿಮಗ?” ಎಂದು ಬಸಂತರಾಯರು ಗದರುತ್ತಾರೆ. ಆದರೆ ಕೊಲ್ಹಾರದ ಬಸ್ ಒಳಗೆ ಬರುತ್ತಲೇ ಮೈಕನ್ನು ಸುಮ್ಮನೆ ಕಿಟಕಿಯಿಂದ ಹೊರಗೆ ಚಾಚುತ್ತಾರೆ. ಮಾಳಿಂಗರಾಯರು ಎದ್ದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, ಊರುಗಳನ್ನು ಕರೆಯುತ್ತಾರೆ. ಆಮೇಲಿನ ಚಹಾದ ಹೊತ್ತಿಗೆ ಬಸಂತರಾಯರು ವಿಆರ್‌ಎಸ್ ಮಾತೇ ಎತ್ತುವುದಿಲ್ಲ.