ಹಾರದಿಂದ ಬೇರ್ಪಟ್ಟ ಅರ್ಜಿ

ಎಪ್ಪತ್ತರ ದಶಕದಲ್ಲಿ ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿ ಬಂದಾಗಲೆಲ್ಲ ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ತಪ್ಪದೆ ನಡೆಯುತ್ತಿತ್ತು. ಅವರು ಭೇಟಿಗೆ ಬರುತ್ತಿದ್ದರು, ನಾವು ಹಾರ ಹಾಕುತ್ತಿದ್ದೆವು, ಹಾರದ ಜೊತೆಗೇ ಅರ್ಜಿಯನ್ನು ಸುರುಳಿ ಸುತ್ತಿ ಕೈಗಿಡುತ್ತಿದ್ದೆವು. ಅಲ್ಲಿ ನಾನು ಅಧ್ಯಾಪಕಿ. ಅನ್ಯಾಯವನ್ನು ಅದರ ಹೆಸರಿನಿಂದಲೇ ಕರೆಯಬೇಕೆಂದು ಕಲಿತವಳಾದ್ದರಿಂದ ಅರ್ಜಿ ಬರೆಯುವ ಕೆಲಸ ನನ್ನದಾಗಿತ್ತು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ನನ್ನ ಗೆಳತಿಗಾದದ್ದು. ಅವಳು ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಬಳಿಯ ಶಾಲೆಯೊಂದರ ಶಿಕ್ಷಕಿ. ಕುರಿ ಸಾಕುವ ಮನೆತನದಲ್ಲಿ ಓದಿದ ಮೊದಲ ಹೆಣ್ಣುಮಗಳು. ಅವಳಂತೆ ಖಾಸಗಿಯಾಗಿ ಬಿ.ಎ. ಪರೀಕ್ಷೆಗೆ ಕಟ್ಟಿದವರು ವಿಶ್ವವಿದ್ಯಾಲಯವಿದ್ದ ದೂರದ ನಗರಕ್ಕೇ ಹೋಗಿ, ಪರೀಕ್ಷೆ ಮುಗಿಯುವವರೆಗೆ ಎರಡು ವಾರ ಅಲ್ಲೇ ಉಳಿಯಬೇಕಿತ್ತು. ಎರಡು ಬಾರಿ ಅವಳಿಗೆ ಹೋಗಲಾಗಲಿಲ್ಲ. ಮೂರನೆಯದೇ ಕೊನೆಯ ಅವಕಾಶ. ಈಗ ಮಡಿಲಲ್ಲಿ ಮೊಲೆಯುಣ್ಣುವ ಕೂಸು.

ಇಬ್ಬರು ಕುಲಪತಿಗಳಿಗೆ ಎರಡು ಅರ್ಜಿ ಕೊಟ್ಟಿದ್ದೆ. ಉತ್ತರ ಬಂದಿರಲಿಲ್ಲ. ಮೂರನೆಯವರು ಬರುವ ಸುದ್ದಿ ಕೇಳಿ, ಅವರು ತಂಗುವ ಸಮಯ ವಿಚಾರಿಸಲು ನಾವಿಬ್ಬರೂ ಪ್ರವಾಸಿ ಮಂದಿರಕ್ಕೆ ಹೋದೆವು. ಅಲ್ಲಿನ ಮುದಿ ಜವಾನ ನನ್ನ ಗುರುತು ಹಿಡಿದ.

"ಅಮ್ಮಾರೆ, ಎರಡು ಸಲಾನೂ ಹಾರ ಎಲ್ಲಾ ಇಲ್ಲೇ ಬಿಟ್ಟು ಹೋದ್ರು. ನಮ್ ಮೇಕೆಗಳಿಗೆ ಹಾಕ್ದೆ."

"ಹಾರದ ಜೊತೆ ಕಾಗದ ಇತ್ತಲ್ಲಪ್ಪ?"

"ಇತ್ತು. ಅದನ್ನೂ ತಿಂದ್ವು."

ಗೆಳತಿ ಬಿದ್ದು ಬಿದ್ದು ನಕ್ಕಳು. "ಬಿಡಕ್ಕ, ನಿನ್ ಅರ್ಜೀನ ಒಂದ್ ಮೇಕೆನಾದ್ರೂ ಪೂರ್ತಿ ಮುಗಿಸೈತೆ!"

ನನಗೆ ನಗು ಬರಲಿಲ್ಲ. ಕುಲಪತಿಗಳ ಉದಾಸೀನ ತಪ್ಪು. ನಮ್ಮ ಪದ್ಧತಿಯೂ ತಪ್ಪು. ಇನ್ನೊಂದು ತಪ್ಪು ನನ್ನದೇ: ಆರು ಪುಟಗಳ ಅರ್ಜಿಯಲ್ಲಿ, ಪುಸ್ತಕವಿಲ್ಲದ ಗ್ರಂಥಾಲಯದಿಂದ ಹಿಡಿದು ಜಾತಿ ಕೇಳುವ ವಿದ್ಯಾರ್ಥಿನಿಲಯದವರೆಗೆ ಎಲ್ಲವನ್ನೂ ಬರೆದು, ಅವಳ ಪರೀಕ್ಷಾ ಕೇಂದ್ರವನ್ನು ಹನ್ನೊಂದನೆಯ ಬೇಡಿಕೆಯಾಗಿ ಇಟ್ಟಿದ್ದೆ.

ಹಾರದೊಡನೆ ಅರ್ಜಿ ಕೊಡುವುದಿಲ್ಲ ಎಂದಾಗ ಪ್ರಾಂಶುಪಾಲರು ಗಾಬರಿಯಾದರು. "ಏನಮ್ಮ, ದುರ್ಗದ ಮರ್ಯಾದೆ ಐತಲ್ಲ!"

"ಹಾರ ನೀವು ಹಾಕ್ರಿ ಸರ್. ಅರ್ಜಿ ನಾವು ಓದ್ತೀವಿ."

ಕುಲಪತಿಗಳು ಬಂದ ದಿನ ಸಭಾಂಗಣದಲ್ಲಿ ನಿಂತು, ತಪ್ಪೆಂದು ತಿಳಿದೂ ಬಿಡಲಾಗದೆ ಅದೇ ಉದ್ದನೆಯ ಪಟ್ಟಿಯನ್ನು ಓದತೊಡಗಿದೆ. ಎರಡನೆಯ ಅನ್ಯಾಯಕ್ಕೆ ಬರುವಷ್ಟರಲ್ಲಿ ಕುಲಪತಿಗಳು ಗಡಿಯಾರ ನೋಡಿದರು. ಗೆಳತಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಎದ್ದು ನಿಂತಳು.

"ಸಾರ್, ಒಂದೇ ಮಾತು. ಪರೀಕ್ಷೆ ದುರ್ಗದಾಗೆ ಮಾಡ್ರಿ. ಇದನ್ನ ಎತ್ಕಂಡು ಅಷ್ಟು ದೂರ ಬರಾಕಾಗಲ್ಲ, ಬಿಟ್ಟು ಬರಾಕೂ ಆಗಲ್ಲ."

"ನಿಮ್ಮಂತೆ ಇನ್ನೂ ಯಾರಾದರೂ ಇದ್ದಾರೆಯೆ?"

ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ದುರ್ಗ: ನಾಲ್ಕು ತಾಲ್ಲೂಕುಗಳವರಿಂದ ತಾನೇ ರುಜು ಹಾಕಿಸಿದ್ದ ಹಾಳೆಯನ್ನು ಅವಳು ಮುಂದೆ ಚಾಚಿದಳು. ಕುಲಪತಿಗಳು ಪ್ರಾಂಶುಪಾಲರತ್ತ ತಿರುಗಿ, "ಕೊಠಡಿ ಕೊಡುತ್ತೀರಾ?" ಎಂದರು. ಅವರು ತಲೆಯಾಡಿಸಿದ್ದೇ ತಡ, ಕುಲಪತಿಗಳು ಕೊರಳಲ್ಲಿ ಹಾರವಿದ್ದಂತೆಯೇ ಪೆನ್ನು ತೆಗೆದು ಆ ಹಾಳೆಯ ಮೇಲೆ ಆದೇಶ ಬರೆದರು. ಅಧಿಕಾರದಲ್ಲಿರುವವರು ಬದಲಾದರೆ ಸಾಲದು, ಅವರು ಕೇಳಿಸಿಕೊಳ್ಳುವಂತೆ ನಾವೂ ಬದಲಾಗಬೇಕು ಎಂಬುದು ನನಗೆ ಅಂದು ಖಚಿತವಾಯಿತು.

ಆ ವರ್ಷವೇ ನಮ್ಮ ಕಾಲೇಜು ಪರೀಕ್ಷಾ ಕೇಂದ್ರವಾಯಿತು. ಮೊದಲ ದಿನ ಕೊಠಡಿಯ ಮೇಲ್ವಿಚಾರಣೆ ನನ್ನದು. ಹೊರಗೆ ಬೇವಿನ ನೆರಳಿನಲ್ಲಿ ಅವಳ ಅತ್ತೆ ಕೂಸನ್ನು ತೂಗುತ್ತಿದ್ದರು. ಪರೀಕ್ಷೆ ಅರ್ಧಕ್ಕೆ ಬರುವಷ್ಟರಲ್ಲಿ ಅದು ಅಳತೊಡಗಿತು. ಗೆಳತಿಯ ಪೆನ್ನು ನಿಂತಿತು. ಹೊರಗೆ ಹೋದವರು ಮರಳಿ ಒಳಗೆ ಬರುವಂತಿಲ್ಲ ಎಂಬ ನಿಯಮ ನನ್ನ ಮೇಜಿನ ಮೇಲೆಯೇ ಇತ್ತು.

ನಾನು ಬಾಗಿಲು ತೆರೆದು, ಕೂಸನ್ನು ಒಳಗೆ ತರಿಸಿ ಅವಳ ಮಡಿಲಿಗಿತ್ತೆ. ಅವಳು ಸೆರಗು ಹೊದಿಸಿಕೊಂಡು, ಬಲಗೈಯಿಂದ ಬರೆಯುತ್ತಲೇ ಹೋದಳು. ವಿಶ್ವವಿದ್ಯಾಲಯಕ್ಕೆ ನನ್ನ ಮುಂದಿನ ಅರ್ಜಿ ಆ ನಿಯಮದ ಕುರಿತಾಗಿತ್ತು. ಆ ಅರ್ಜಿ ಒಂದೇ ವಾಕ್ಯದ್ದು.